ಕೆಡದ ಸರಕು

ಮಲಗುವ ಮೊದಲು ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಬಾರದೆಂದು ಕಂಪನಿಯವರು ಹೇಳಿದ್ದರು. ಧನುಷ್ ಮೆಂಡನ್ ಹಾಗೆಯೇ ಇದ್ದ. ಅವನ ತಾಯಿ ಸುಗಂಧಿಗೆ ಅದನ್ನು ನೋಡಿ ಸಹಿಸಲಾಗಲಿಲ್ಲ. "ದೂರ ಹೋಗುವವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸುದು ಎಂತ ಕ್ರಮ ಇದು?" ಎಂದು ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದಳು. ಸೊಸೆ ಶರ್ಮಿತಾ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟಳು: "ಹೊಟ್ಟೆಯಲ್ಲಿ ಅನ್ನ ಇದ್ರೆ ಅದು ಒಳಗೇ ಕೊಳೀತದೆ ಅತ್ತೆ. ಆ ಪೆಟ್ಟಿಗೆಯೊಳಗೆ ಮನುಷ್ಯ ಕೆಡುದಿಲ್ಲ, ಅನ್ನ ಕೆಡ್ತದೆ."

ಮರಳಕೋಡಿ ಬಂದರಿನ ಗೇಟಿನವರೆಗೆ ಮೂವರೂ ಅವನ ಜೊತೆ ಹೋದರು. ನಾಲ್ಕು ವರ್ಷದ ಮಗಳು ಇಂಚರ ಶರ್ಮಿತಾಳ ಸೊಂಟದ ಮೇಲಿದ್ದಳು. ಧನುಷ್ ಮಗಳ ಕೆನ್ನೆ ಹಿಂಡಿ, ಹೆಂಡತಿಗೆ, "ಇಪ್ಪತ್ತು ದಿನದ ದಾರಿ ಮಾರಾಯ್ತಿ. ನನಗೆ ಅದೂ ಇಲ್ಲ. ಕಣ್ಣು ಮುಚ್ಚಿ ತೆರೆದ ಹಾಗೆ," ಎಂದ. ತಾಯಿಯ ಕಡೆ ತಿರುಗಿದಾಗ ಸುಗಂಧಿ ಸಿಟ್ಟಿನಲ್ಲಿ ಮುಖ ತಿರುಗಿಸಿದ್ದಳು. ಅವನು ನಕ್ಕು ಒಳಗೆ ಹೋದ.

ಜನರನ್ನು ಹೀಗೆ ಮಲಗಿಸಿ ಕಳಿಸುವುದು ಆಗ ಹೊಸದೇನಲ್ಲ. ಮೊದಲು ಅದು ಶುರುವಾದದ್ದು ಏಡಿಗಳಿಂದ. ಜೀವಂತ ಏಡಿಯನ್ನು ಒಂದು ಬಗೆಯ ಅನಿಲದಲ್ಲಿಟ್ಟು ನಿಧಾನವಾಗಿ ತಣಿಸಿದರೆ ಅದರ ಜೀವಕ್ರಿಯೆ ನಿಂತ ಹಾಗೆಯೇ ಆಗುತ್ತದೆ. ತಿಂಗಳು ಬಿಟ್ಟು ಬೆಚ್ಚಗೆ ಮಾಡಿದರೆ ಕಾಲಾಡಿಸುತ್ತದೆ. ಏಡಿಯಾದ ಮೇಲೆ ಕರುಗಳು, ಕರುಗಳಾದ ಮೇಲೆ ಮನುಷ್ಯರು. ವಿಮಾನದ ಇಂಧನಕ್ಕೆ ಕಡಿವಾಣ ಬಿದ್ದು ಆಕಾಶ ಶ್ರೀಮಂತರ ಪಾಲಾದ ಮೇಲೆ ಕೂಲಿಯವರನ್ನು ಸಾಗಿಸಲು ಉಳಿದ ದಾರಿ ಇದೊಂದೇ. ನಲವತ್ತು ಅಡಿಯ ಉಕ್ಕಿನ ಕಂಟೇನರ್, ಒಳಗೆ ಮೂರು ಅಂತಸ್ತಿನ ಮಂಚಗಳು, ಒಟ್ಟು ಇಪ್ಪತ್ನಾಲ್ಕು ಜನ. ಚುಚ್ಚುಮದ್ದು ಕೊಟ್ಟು ಮಲಗಿಸಿ ಬಾಗಿಲು ಮುದ್ರೆ ಮಾಡಿದರೆ ನಿಮಿಷಕ್ಕೆ ಎರಡೋ ಮೂರೋ ಸಲ ಎದೆ ಬಡಿಯುತ್ತದೆ. ಒಂದು ವರ್ಷ ಒಳಗಿದ್ದರೂ ದೇಹಕ್ಕೆ ಒಂದು ವಾರದಷ್ಟೂ ವಯಸ್ಸಾಗುವುದಿಲ್ಲ. ಎಬ್ಬಿಸುವುದು ಮಾತ್ರ ಎಲ್ಲೆಂದರಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಬಂದರುಗಳಲ್ಲಿ ಪ್ರತ್ಯೇಕ ಕೋಣೆ ಬೇಕು, ಇಡೀ ದಿನ ಬೇಕು. ಅವಸರದಲ್ಲಿ ಬಾಗಿಲು ತೆರೆದರೆ ಒಳಗಿರುವವರು ಅಲ್ಲೇ ಸಾಯುತ್ತಾರೆ. ಕಾಗದಪತ್ರಗಳಲ್ಲಿ ಅದರ ಹೆಸರು ಸುಪ್ತ ಕಂಟೇನರ್. ಕರಾವಳಿಯ ಜನ ನಿದ್ದೆಪೆಟ್ಟಿಗೆ ಎನ್ನುತ್ತಿದ್ದರು.

ಧನುಷ್ ಬಂದರಿನಲ್ಲೇ ಕೆಲಸ ಮಾಡಿದವನು. ಹಡಗಿನ ಮೇಲೆ ಒಂದರ ಮೇಲೊಂದು ಕೂತ ಕಂಟೇನರ್‌ಗಳನ್ನು ಕಬ್ಬಿಣದ ಸರಳುಗಳಿಂದ ಬಿಗಿಯುವ ಗುಂಪಿನಲ್ಲಿದ್ದ. ಕಂಟೇನರ್‌ಗಳು ತಮ್ಮನ್ನು ತಾವೇ ಬಿಗಿದುಕೊಳ್ಳುವ ಹೊಸ ಬೀಗಗಳು ಬಂದ ವರ್ಷ ಆ ಗುಂಪೇ ಇಲ್ಲವಾಯಿತು. ಉತ್ತರ ಧ್ರುವದ ಹತ್ತಿರ, ಮಂಜು ಕರಗಿ ತೆರೆದ ಸಮುದ್ರದಲ್ಲಿ ಹೊಸ ಬಂದರುಗಳನ್ನು ಕಟ್ಟುತ್ತಿದ್ದರು. ಅಲ್ಲಿ ಚಳಿಗೆ ಯಂತ್ರಗಳ ಕೀಲು ಹಿಡಿದುಕೊಳ್ಳುತ್ತಿದ್ದುದರಿಂದ ಇನ್ನೂ ಮನುಷ್ಯರ ಕೈ ಬೇಕಿತ್ತು. ಎರಡು ವರ್ಷದ ಕರಾರಿಗೆ ಧನುಷ್ ಸಹಿ ಹಾಕಿದ್ದ.

ಶರ್ಮಿತಾಳ ಕೆಲಸ ಉಳಿದಿತ್ತು. ಅವಳು ಅದೇ ಬಂದರಿನ ನಿಯಂತ್ರಣ ಕೊಠಡಿಯಲ್ಲಿದ್ದಳು. ಕ್ರೇನುಗಳಲ್ಲಿ ಜನರಿಲ್ಲ, ಲಾರಿಗಳಲ್ಲಿ ಚಾಲಕರಿಲ್ಲ. ಯಾವ ಕಂಟೇನರ್ ಎಲ್ಲಿ ಇಳಿಯಬೇಕು, ಎಲ್ಲಿ ಏರಬೇಕು ಎಂಬುದನ್ನೆಲ್ಲ ಯೋಜಕ ಎಂಬ ತಂತ್ರಾಂಶ ತೀರ್ಮಾನಿಸುತ್ತಿತ್ತು. ಇಲ್ಲಷ್ಟೇ ಅಲ್ಲ, ಹಡಗುಗಳು ಹೋಗುವ ಎಲ್ಲ ಬಂದರುಗಳಲ್ಲೂ ಅದೇ. ಅದಕ್ಕೆ ಅನುಮಾನ ಬಂದಲ್ಲಿ ಮಾತ್ರ ಪರದೆಯ ಮೇಲೆ ಪ್ರಶ್ನೆ ಮೂಡುತ್ತಿತ್ತು. ಕೊಠಡಿಯಲ್ಲಿ ಕೂತವರು ಹೌದು ಎಂದೋ ಇಲ್ಲ ಎಂದೋ ಒತ್ತಬೇಕು. ಹೆಚ್ಚಾಗಿ ಎಲ್ಲರೂ ಹೌದು ಎಂದೇ ಒತ್ತುತ್ತಿದ್ದರು.

*

ಇಪ್ಪತ್ತು ದಿನ ಕಳೆಯಿತು. ಧನುಷ್ ಮಲಗಿದ್ದ ಪೆಟ್ಟಿಗೆ ಪರದೆಯ ಮೇಲೆ ಒಂದು ನೀಲಿ ಚುಕ್ಕೆ. ಅದು ಕೆಂಪು ಸಮುದ್ರದ ಬಾಯಿಯ ಒಂದು ಬಂದರಿನಲ್ಲಿ ಹಡಗು ಬದಲಿಸಬೇಕಿತ್ತು. ಬದಲಿಸಲಿಲ್ಲ. ಅಲ್ಲೇ ಯಾರ್ಡಿನಲ್ಲಿ ನಿಂತಿತು. ಶರ್ಮಿತಾ ಕಂಪನಿಗೆ ಫೋನ್ ಮಾಡಿದಳು. "ನಿಮ್ಮ ಪತಿ ಸುರಕ್ಷಿತರಾಗಿದ್ದಾರೆ," ಎಂದು ಒಂದು ಹೆಣ್ಣು ದನಿ ಹೇಳಿತು. ಮರುವಾರವೂ ಅದೇ ದನಿ, ಅದೇ ಮಾತು. ಅದು ಮನುಷ್ಯರ ದನಿಯಲ್ಲ ಎಂದು ಆಗ ಹೊಳೆಯಿತು.

ಅವಳ ಪಾಳಿಯ ಮೇಲ್ವಿಚಾರಕಿ ರೆನಿಟಾ ಲೋಬೋ ಬಂದರಿನಲ್ಲೇ ತಲೆ ಹಣ್ಣಾದವಳು. ಅವಳೇ ಬಿಡಿಸಿ ಹೇಳಿದಳು.

"ಯೋಜಕನ ಲೆಕ್ಕ ನಿನಗೆ ಗೊತ್ತುಂಟಲ್ಲ. ಮೊದಲು ಔಷಧಿ, ರಕ್ತ. ಆಮೇಲೆ ಮೀನು, ಹಣ್ಣು, ಹೂವು. ಬೇಗ ಕೆಡುವುದು ಮೊದಲು ಹೋಗ್ಬೇಕು. ಕೆಡದ್ದು ಕಾಯ್ಬೇಕು."

"ಕಲ್ಲು ಹೋಯ್ತು ಮೇಡಂ. ನಾನು ನೋಡಿದೆ. ಅದೇ ಯಾರ್ಡಿಂದ ಗ್ರಾನೈಟ್ ಹೋಯ್ತು, ಇವರದ್ದು ಹೋಗ್ಲಿಲ್ಲ."

"ಕಲ್ಲಿಗೆ ಮಾಲೀಕ ಇದ್ದಾನೆ. ತಡ ಆದ್ರೆ ಕೇಳ್ತಾನೆ. ಧನುಷ್ ಸಹಿ ಹಾಕಿದ ಕರಾರಲ್ಲಿ ಎಂತ ಬರೆದಿದೆ ನೋಡು."

ಶರ್ಮಿತಾ ನೋಡಿದಳು. ನಿದ್ರೆಯಲ್ಲಿರುವವರಿಗೆ ವಿಳಂಬದ ಅನುಭವ ಆಗುವುದಿಲ್ಲವಾದ್ದರಿಂದ ವಿಳಂಬಕ್ಕೆ ಸಾಗಣೆದಾರರು ಹೊಣೆಯಲ್ಲ ಎಂದಿತ್ತು. ಅದರ ಕೆಳಗೆ ಗಂಡನ ಸಹಿ.

ಮರುವರ್ಷ ಪೆಟ್ಟಿಗೆ ಕೊನೆಗೂ ಒಂದು ಹಡಗು ಹತ್ತಿತು. ಅದರ ಹೆಸರು ಎಲ್ಡಾ. ಉತ್ತರದ ಬಂದರು ಬಂತು, ಎಲ್ಡಾ ಅಲ್ಲಿ ನಿಂತಿತು, ಹೊರಟಿತು. ಪೆಟ್ಟಿಗೆ ಇಳಿಯಲಿಲ್ಲ. ಈ ಸಲ ರೆನಿಟಾಳಿಗೂ ಅರ್ಥವಾಗಲಿಲ್ಲ. ಹಡಗಿನ ಜೋಡಣೆಯ ನಕ್ಷೆ ತೆರೆದು ಇಬ್ಬರೂ ಮಧ್ಯಾಹ್ನವಿಡೀ ನೋಡಿದ ಮೇಲೆ ವಿಷಯ ತಿಳಿಯಿತು.

ಹಿಂದೆ ಹಡಗುಗಳು ಓಲಾಡದಿರಲು ಹೊಟ್ಟೆಯಲ್ಲಿ ಸಮುದ್ರದ ನೀರು ತುಂಬಿಕೊಳ್ಳುತ್ತಿದ್ದವು. ಒಂದು ಸಾಗರದ ನೀರಿನ ಜೊತೆ ಅಲ್ಲಿಯ ಹುಳಹುಪ್ಪಟೆಗಳೂ ಇನ್ನೊಂದು ಸಾಗರ ಸೇರಿ ಮೀನುಗಳ ಸಂತತಿಯನ್ನೇ ಹಾಳು ಮಾಡಿದ ಮೇಲೆ ಅದಕ್ಕೆ ನಿಷೇಧ ಬಂತು. ಆಮೇಲೆ ಕಟ್ಟಿದ ಹಡಗುಗಳಲ್ಲಿ ನೀರಿನ ತೊಟ್ಟಿಗಳೇ ಇಲ್ಲ. ಸರಕಿನ ತೂಕವನ್ನೇ ಅಲ್ಲಿ ಇಲ್ಲಿ ಹೊಂದಿಸಿ ಸಮತೋಲ ಕಾಯಬೇಕು. ಪ್ರತಿ ಬಂದರಿನಲ್ಲೂ ಸರಕು ಇಳಿದಂತೆ ತೂಕ ಬದಲಾಗುತ್ತದೆ. ಇಳಿಯಲೇಬೇಕಿಲ್ಲದ, ಕೆಡದ, ತೂಕ ಏರುಪೇರಾಗದ, ಕೇಳುವವರಿಲ್ಲದ ಕೆಲವು ಪೆಟ್ಟಿಗೆಗಳು ಹಡಗಿನ ನಡುಭಾಗದಲ್ಲಿ ಖಾಯಂ ಇದ್ದರೆ ಎಲ್ಲವೂ ಸಲೀಸು. ಯೋಜಕನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅದೇ ಕಂಡುಕೊಂಡಿತ್ತು.

"ಅಂದ್ರೆ ಅವರನ್ನು ಭಾರಕ್ಕೆ ಇಟ್ಕೊಂಡಿದ್ದಾರೆ," ಎಂದಳು ಶರ್ಮಿತಾ.

ರೆನಿಟಾ ನಕ್ಷೆ ಮುಚ್ಚಿದಳು. "ಇದನ್ನು ಮನೆಯಲ್ಲಿ ಹೇಳ್ಬೇಡ."

ಹೇಳಲಿಲ್ಲ. ಅವಳು ಮಂಗಳೂರಿಗೆ ಹೋದಳು, ವಕೀಲರನ್ನು ಹಿಡಿದಳು, ಬೇರೆ ಬೇರೆ ಕಚೇರಿಗಳ ಮುಂದೆ ಕೂತಳು. ಎಲ್ಲ ಕಡೆಯೂ ಅವಳ ಗಂಡ ಸುರಕ್ಷಿತವಾಗಿದ್ದ. ನ್ಯಾಯಾಧೀಶರೊಬ್ಬರು, "ನಷ್ಟ ಏನಾಗಿದೆ ಹೇಳಿ. ಅವರ ಆಯುಸ್ಸಿನಲ್ಲಿ ಒಂದು ದಿನವೂ ಕಡಿಮೆಯಾಗಿಲ್ಲವಲ್ಲ," ಎಂದು ಮೃದುವಾಗಿಯೇ ಕೇಳಿದರು. ತನ್ನ ಆಯುಸ್ಸಿನ ಮಾತು ಎತ್ತಲು ಅವಳಿಗೆ ಆ ಹೊತ್ತಿಗೆ ತೋಚಲಿಲ್ಲ.

ಮರುದಿನ ಕೆಲಸಕ್ಕೆ ಹೋಗಿ ಪರದೆಯ ಮುಂದೆ ಕೂತಳು. ಸಿಗಡಿಯ ಕಂಟೇನರಿಗೆ ಜಾಗ ಮಾಡಲು ಒಂದು ಸುಪ್ತ ಕಂಟೇನರನ್ನು ಮುಂದಿನ ಹಡಗಿಗೆ ತಳ್ಳಬಹುದೇ ಎಂದು ಯೋಜಕ ಕೇಳಿತು. ಇಲ್ಲ ಎಂದು ಒತ್ತಿದಳು. ಸಿಗಡಿ ಕೊಳೆಯಿತು. ಕಂಪನಿ ಅವಳಿಗೆ ನೋಟಿಸು ಕೊಟ್ಟಿತು. ಮನೆಯಲ್ಲಿ ಸಂಪಾದಿಸುವವಳು ಅವಳೊಬ್ಬಳೇ. ಮುಂದಿನ ಸಲ ಅದೇ ಪ್ರಶ್ನೆ ಬಂದಾಗ ಹೌದು ಎಂದು ಒತ್ತಿದಳು, ಆಮೇಲೆ ಯಾವಾಗಲೂ.

*

ಇಂಚರ ಬೆಳೆದದ್ದು ಆ ನೀಲಿ ಚುಕ್ಕೆಯನ್ನು ನೋಡಿಕೊಂಡು. ಅಮ್ಮನ ಫೋನಿನಲ್ಲಿ ಅದು ಕಾಣುತ್ತಿತ್ತು. "ಅಪ್ಪ ಈಗ ಆಫ್ರಿಕಾದ ಕೆಳಗೆ," ಎನ್ನುತ್ತಿದ್ದಳು. "ಅಪ್ಪ ಪನಾಮಾ ದಾಟಿದರು." ಶಾಲೆಯಲ್ಲಿ ಭೂಗೋಳದಲ್ಲಿ ಅವಳಿಗೇ ಹೆಚ್ಚು ಅಂಕ. ಹತ್ತು ವರ್ಷವಾಗುವ ಹೊತ್ತಿಗೆ ನೋಡುವುದನ್ನು ಬಿಟ್ಟಳು. ಯಾಕೆಂದು ಶರ್ಮಿತಾ ಕೇಳಲಿಲ್ಲ.

ಸುಗಂಧಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಅವಳು ಮೀನು ಮಾರಿ ಬದುಕಿದವಳು, ನೋವು ತಡೆಯುವುದು ಗೊತ್ತಿತ್ತು. ಆದರೆ ಕೊನೆಯ ತಿಂಗಳು ಅವಳ ಕೂಗು ಅಕ್ಕಪಕ್ಕದ ಮನೆಗಳಿಗೂ ಕೇಳುತ್ತಿತ್ತು. ಒಂದು ದಿನ ಸೊಸೆಯನ್ನು ಹತ್ತಿರ ಕರೆದು, "ಆ ಔಷಧಿ ನನಗೂ ಕೊಡಿಸ್ತೀಯಾ? ಅವನು ಬರುವವರೆಗೆ ನಾನೂ ಮಲಗ್ತೇನೆ," ಎಂದು ಕೇಳಿದಳು. ಶರ್ಮಿತಾ ವಿಚಾರಿಸಿದಳು. ಕೆಲಸಕ್ಕೆ ಹೋಗುವವರಿಗೆ ಮಾತ್ರ ಎಂದರು. ಸುಗಂಧಿ ಸತ್ತ ದಿನ ಎಲ್ಡಾ ಎಲ್ಲೋ ಚಿಲಿಯ ಹತ್ತಿರ ದ್ರಾಕ್ಷಿ ತುಂಬಿಕೊಳ್ಳುತ್ತಿತ್ತು.

ಬಂದರಿನ ಗೇಟಿನ ಪಕ್ಕ ತಗಡಿನ ಒಂದು ಚಪ್ಪರವಿತ್ತು. ಪೆಟ್ಟಿಗೆಯಲ್ಲಿ ಮರಳಿ ಬರುವವರ ಮನೆಯವರು ಅಲ್ಲಿ ಕಾಯುತ್ತಿದ್ದರು. ಪಾಳಿ ಮುಗಿಸಿ ಹೊರಡುವಾಗ ಶರ್ಮಿತಾ ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಅಲ್ಲಿ ಪರಿಚಯವಾದವಳು ಜುಬೈದಾ. ಅವಳ ಮಗ ಅಶ್ರಫ್ ಉತ್ತರದಲ್ಲಿ ಕರಾರು ಮುಗಿಸಿ ಊರಿಗೆ ಹೊರಟು ಎರಡು ವರ್ಷವಾಗಿತ್ತು. ಗಂಡನಿಲ್ಲದ ಜುಬೈದಾ ಮನೆಯಲ್ಲಿ ಪತ್ತಿರಿ ಎಂಬ ತೆಳು ಅಕ್ಕಿರೊಟ್ಟಿ ಮಾಡಿ ಹೋಟೆಲುಗಳಿಗೆ ಕೊಡುತ್ತಿದ್ದಳು. ಚಪ್ಪರಕ್ಕೆ ಬರುವಾಗ ಎರಡು ಪತ್ತಿರಿ ಹೆಚ್ಚಿಗೆ ಕಟ್ಟಿಕೊಂಡು ಬರುವಳು.

"ನಿನ್ನ ಅತ್ತೆ ಹೋದ ಮೇಲೆ ನೀನು ಸರಿಯಾಗಿ ತಿನ್ನುದಿಲ್ಲ," ಎಂದು ಶರ್ಮಿತಾಳ ಮಡಿಲಿಗೆ ಹಾಕುವಳು. "ತಿನ್ನು. ಅವನು ಬಂದಾಗ ನಿನ್ನ ಗುರುತು ಸಿಗ್ಬೇಕಲ್ಲ."

*

ಧನುಷ್ ಹೋದ ಏಳನೇ ವರ್ಷ, ಮಳೆ ಹಿಡಿಯುವ ಮುಂಚೆ, ಎಲ್ಡಾ ಮರಳಕೋಡಿಗೆ ಬಂತು. ಅದರ ದಾರಿಯಲ್ಲಿ ಈ ಬಂದರು ಯಾವತ್ತೂ ಇರಲಿಲ್ಲ. ಬೇರೆ ಕಡೆ ಬಿರುಗಾಳಿ ಎದ್ದುದರಿಂದ ಯೋಜಕ ಅದನ್ನು ಇತ್ತ ತಿರುಗಿಸಿತ್ತು. ಬೆಳಿಗ್ಗೆ ಬಂದು ಸಂಜೆ ಹೊರಡುವ ಏರ್ಪಾಡು.

ಅದರ ಹಿಂದಿನ ದಿನವಷ್ಟೇ ಇನ್ನೊಂದು ಹಡಗಿನಿಂದ ಒಂದು ಸುಪ್ತ ಕಂಟೇನರ್ ಯಾರ್ಡಿಗೆ ಇಳಿದಿತ್ತು. ಅಶ್ರಫ್ ಇದ್ದದ್ದು ಅದರಲ್ಲಿ. ಎಲ್ಡಾ ಬಂದ ದಿನ ಎಬ್ಬಿಸುವ ಕೋಣೆ ಇನ್ನೂ ಸಿದ್ಧವಾಗುತ್ತಿತ್ತು. ಮರುದಿನ ಅವರ ಸರದಿ. ಶರ್ಮಿತಾ ಕೆಲಸಕ್ಕೆ ಬರುವಾಗ ಜುಬೈದಾ ಚಪ್ಪರದಲ್ಲಿ ಹೊಸ ಸೀರೆಯುಟ್ಟು ಕೂತಿದ್ದಳು. "ನಾಳೆ ಅಂತ ಗೊತ್ತುಂಟು. ಆದ್ರೂ ಮನೆಯಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ," ಎಂದು ನಕ್ಕಳು.

ಎಲ್ಡಾದಿಂದ ಇಳಿಯುವ ಕಂಟೇನರ್‌ಗಳ ಪೈಕಿ ಧನುಷ್‌ನದ್ದು ಇರಲಿಲ್ಲ. ಕಿಟಕಿಯಿಂದ ಹಡಗು ಕಾಣುತ್ತಿತ್ತು. ನಡುಭಾಗದಲ್ಲಿ, ಮೇಲಿನಿಂದ ಮೂರನೆಯ ಸಾಲಿನಲ್ಲಿ, ಬಣ್ಣ ಮಾಸಿದ ಆ ಪೆಟ್ಟಿಗೆಯನ್ನು ಅವಳು ಬರಿಗಣ್ಣಿನಿಂದ ನೋಡಿದಳು. ಪರದೆಗೆ ತಿರುಗಿ ಅದನ್ನು ಇಳಿಸುವಂತೆ ಕೋರಿಕೆ ಹಾಕಿದಳು. ಹೊರಟ ಬಂದರಿಗೇ ಮರಳಿದ ಸರಕನ್ನು ಮನೆಯವರು ಬಿಡಿಸಿಕೊಳ್ಳಬಹುದೆಂದು ನಿಯಮವಿತ್ತು. ಆ ನಿಯಮ ಅವಳಿಗೆ ಬಾಯಿಪಾಠವಾಗಿತ್ತು.

ಸಮತೋಲನಕ್ಕೆ ಅಗತ್ಯವಿರುವ ಪೆಟ್ಟಿಗೆ, ಬದಲಿ ಕೊಡಿ ಎಂದಿತು ಯೋಜಕ.

ಖಾಲಿ ಕಂಟೇನರ್‌ಗಳನ್ನು ತೋರಿಸಿದಳು. ತೂಕ ಸಾಲದು ಎಂದಿತು. ಗ್ರಾನೈಟ್ ತೋರಿಸಿದಳು. ತಲುಪುವ ದಿನಾಂಕ ನಿಗದಿಯಾಗಿದೆ ಎಂದಿತು. ಕಬ್ಬಿಣದ ಅದಿರು, ಹಂಚು, ಗೋಡಂಬಿ ಯಂತ್ರಗಳು. ಒಂದೊಂದಕ್ಕೂ ಮಾಲೀಕನಿದ್ದ, ಒಂದೊಂದಕ್ಕೂ ದಿನಾಂಕವಿತ್ತು. ಮಧ್ಯಾಹ್ನ ದಾಟಿತು. ಕೊನೆಗೆ ಸೂಕ್ತವಾದದ್ದು ಇದೆಯೇ ಎಂದು ಯೋಜಕನನ್ನೇ ಕೇಳಿದಳು. ಒಂದು ಇದೆ ಎಂದು ಅದು ತಕ್ಷಣ ತೋರಿಸಿತು. ಅಶ್ರಫ್‌ನ ಪೆಟ್ಟಿಗೆ. ತೂಕದಲ್ಲಿ ಒಂದು ಮಗುವಿನಷ್ಟೂ ವ್ಯತ್ಯಾಸವಿರಲಿಲ್ಲ. ಕೆಳಗೆ ಇನ್ನೊಂದು ಸಾಲು: ಬದಲಿ ಒಪ್ಪಿದರೆ ನಾಳೆ ಎಬ್ಬಿಸುವ ಕೋಣೆ ತೆರವಾಗುತ್ತದೆ.

ಶರ್ಮಿತಾ ರೆನಿಟಾಳನ್ನು ಕರೆದಳು. ರೆನಿಟಾ ನಿಂತೇ ಓದಿದಳು.

"ಅವರು ಮನೆಗೆ ಬಂದವರು ಮೇಡಂ. ಬಂದು ಇಳಿದವರು."

"ಇದರಲ್ಲೂ ಇಪ್ಪತ್ನಾಲ್ಕು, ಅದರಲ್ಲೂ ಇಪ್ಪತ್ನಾಲ್ಕು," ಎಂದಳು ರೆನಿಟಾ. "ನೀನು ಒತ್ತಿದ್ರೂ ಯಾರೂ ಬೈಯುದಿಲ್ಲ, ಒತ್ತದಿದ್ರೂ ಬೈಯುದಿಲ್ಲ. ನಿಯಮದಲ್ಲಿ ಎರಡೂ ಸರಿ."

"ನೀವಾಗಿದ್ರೆ?"

"ನನ್ನವರು ಯಾರೂ ಪೆಟ್ಟಿಗೆಯಲ್ಲಿಲ್ಲ. ನನ್ನನ್ನು ಕೇಳ್ಬೇಡ." ರೆನಿಟಾ ತನ್ನ ಕುರ್ಚಿಗೆ ಮರಳಿ ಬೆನ್ನು ಹಾಕಿ ಕೂತಳು.

ಶರ್ಮಿತಾ ಸ್ವಲ್ಪ ಹೊತ್ತು ಹಡಗನ್ನೇ ನೋಡಿದಳು. ಇಂದು ಹೋದರೆ ಎಲ್ಡಾ ಮತ್ತೆ ಇತ್ತ ಬರುತ್ತದೆ ಎಂಬ ಭರವಸೆಯಿಲ್ಲ. ಗಂಡ ಮೂವತ್ತೊಂದರಲ್ಲೇ ಇರುತ್ತಾನೆ, ತಾನು ಅರವತ್ತಾಗುತ್ತೇನೆ, ಎಂಬತ್ತಾಗುತ್ತೇನೆ. ಜುಬೈದಾಳ ಹೊಸ ಸೀರೆ ನೆನಪಾಯಿತು. ಹೌದು ಎಂದು ಒತ್ತಿದಳು. ದಿನವೂ ಒತ್ತುವ ಹಾಗೆಯೇ ಒತ್ತಿದಳು. ಆಮೇಲೆ ಬಹಳ ದಿನ ಅವಳನ್ನು ಕಾಡಿದ್ದು ಅದೇ.

ಕ್ರೇನುಗಳು ಆ ಕೆಲಸವನ್ನು ಮುಗಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಪಾಳಿ ಮುಗಿದ ಮೇಲೆ ಅವಳು ಹಿಂದಿನ ಗೇಟಿನಿಂದ ಮನೆಗೆ ಹೋದಳು.

*

ಇಪ್ಪತ್ನಾಲ್ಕು ಜನರಲ್ಲಿ ಮೂವರು ಏಳಲಿಲ್ಲ. ಅಷ್ಟು ದೀರ್ಘ ನಿದ್ರೆಗೆ ಔಷಧಿಯನ್ನು ಪರೀಕ್ಷಿಸಿಯೇ ಇರಲಿಲ್ಲ ಎಂದು ವೈದ್ಯರು ಹೇಳಿದರು. ಧನುಷ್ ಎದ್ದ. ಕಣ್ಣು ಬಿಟ್ಟು ಬಹಳ ಹೊತ್ತು ಛಾವಣಿ ನೋಡಿದ. ಮಂಚದ ಪಕ್ಕ ಕೂತಿದ್ದ ಹೆಂಗಸಿನ ಕಡೆ ತಿರುಗಿದ. ಅವಳ ಕಿವಿಯ ಮೇಲೆ ಕೂದಲು ಬಿಳಿಯಾಗಿತ್ತು, ಮುಖ ಇಳಿದಿತ್ತು.

"ಅಕ್ಕಾ," ಎಂದ ಒಣಗಿದ ದನಿಯಲ್ಲಿ. "ನೀವು ಕನ್ನಡದವರಾ? ಇದು ಯಾವ ಬಂದರು?"

ಶರ್ಮಿತಾ ತನ್ನ ಹೆಸರು ಹೇಳಿದಳು. ಅವನು ಅವಳ ಕೈ ಹಿಡಿದು, ಬೆರಳು ಬೆರಳನ್ನೂ ಮುಟ್ಟಿ ನೋಡಿದ. ಆಮೇಲೆ ಕೈ ಬಿಟ್ಟ.

ಮನೆಗೆ ಬಂದಾಗ ಬಾಗಿಲಲ್ಲಿ ಉದ್ದನೆಯ ಹುಡುಗಿಯೊಬ್ಬಳು ನಿಂತಿದ್ದಳು. ಅವನಿಗೆ ಅದು ಇಂಚರ ಎಂದು ಹೇಳಬೇಕಾಯಿತು. ಎತ್ತಿಕೊಳ್ಳಲೆಂದು ಅರ್ಧಕ್ಕೆ ಬಾಗಿದವನು ಹಾಗೇ ನಿಂತ. ಇಂಚರ, "ನಮಸ್ಕಾರ," ಎಂದಳು.

"ಅಮ್ಮ ಎಲ್ಲಿ?" ಎಂದ ಧನುಷ್ ಒಳಗೆ ನೋಡುತ್ತ. "ಊಟ ಮಾಡದೆ ಹೋದದ್ದಕ್ಕೆ ಇನ್ನೂ ಸಿಟ್ಟಾ? ಈಗ ಬಡಿಸ್ಲಿಕ್ಕೆ ಹೇಳು. ಹೊಟ್ಟೆ ಚುರುಗುಟ್ತಾ ಉಂಟು."

ಎಬ್ಬಿಸುವ ಕೋಣೆಯಲ್ಲೇ ಹೇಳಬೇಕೆಂದುಕೊಂಡರೂ ಶರ್ಮಿತಾಳಿಗೆ ಆಗಿರಲಿಲ್ಲ. ಈಗ ಹೇಳಿದಳು. ನೋವಿರಲಿಲ್ಲ, ನಿದ್ದೆಯಲ್ಲೇ ಹೋದರು ಎಂದಳು. ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತ. ಅವನ ಮಟ್ಟಿಗೆ ಮೊನ್ನೆ ಬೆಳಿಗ್ಗೆ ಗೇಟಿನ ಹತ್ತಿರ ಮುಖ ತಿರುಗಿಸಿ ನಿಂತಿದ್ದ ತಾಯಿ ಅವಳು. ನಾಲ್ಕು ದಿನ ಹಾಗೆಯೇ ಅಳುತ್ತಿದ್ದ. ಇಂಚರ ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: "ಅಜ್ಜಿ ಸತ್ತು ವರ್ಷಗಳಾಯ್ತಲ್ಲಮ್ಮ. ಅವರು ಈಗ ಯಾಕೆ ಅಳುದು? ನಾಳೆ ನನಗೆ ಪರೀಕ್ಷೆ ಉಂಟು."

ಅದೇ ವಾರ ಜುಬೈದಾ ಬಂದಳು. ಕೈಯಲ್ಲಿ ಗೋಧಿ ಹಲ್ವದ ಡಬ್ಬಿ. ಪೆಟ್ಟಿಗೆಯನ್ನು ಕಾರ್ಯಾಚರಣೆಯ ಕಾರಣಕ್ಕೆ ಮುಂದಕ್ಕೆ ಕಳಿಸಲಾಗಿದೆ ಎಂದು ಚಪ್ಪರದಲ್ಲಿ ಕಾಯುತ್ತಿದ್ದವರಿಗೆ ಹೇಳಿದ್ದರಂತೆ. ಅಂದಿನಿಂದ ಅವಳು ಸರಿಯಾಗಿ ಮಲಗಿದಂತಿರಲಿಲ್ಲ. ಆದರೂ ಧನುಷ್‌ನ ಬಾಯಿಗೆ ತಾನೇ ಹಲ್ವ ಇಟ್ಟಳು.

"ನಿನ್ನನ್ನು ನೋಡಿ ನನಗೆ ಧೈರ್ಯ ಬಂತು ಮಗಾ. ಏಳು ವರ್ಷ ಆದ್ರೂ ಬರ್ತಾರೆ ಅಂತಾಯ್ತು. ನನ್ನವನು ಬಾಗಿಲವರೆಗೆ ಬಂದು ಹೋಗಿದ್ದಾನೆ. ಮತ್ತೆ ಬರ್ತಾನೆ." ಶರ್ಮಿತಾಳ ಕಡೆ ತಿರುಗಿ, "ನೀನು ಒಳಗೆ ಇರುವವಳಲ್ವಾ? ಅವನ ಚುಕ್ಕೆ ಎಲ್ಲಿ ಉಂಟು ಅಂತ ದಿನಾ ನೋಡಿ ಹೇಳ್ತೀಯಾ?" ಎಂದಳು.

"ಹೇಳ್ತೇನೆ," ಎಂದಳು ಶರ್ಮಿತಾ.

ಜುಬೈದಾ ಹೋದ ಮೇಲೆ ಧನುಷ್ ಅಡುಗೆಮನೆಗೆ ಬಂದ. ಅವನ ಪೆಟ್ಟಿಗೆ ನಡುಭಾಗದಲ್ಲಿ ಭಾರಕ್ಕಿತ್ತೆಂದು ಶರ್ಮಿತಾ ಹೇಳಿದ್ದಳು, ಹಡಗಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ಅದರಲ್ಲಿ ಒಂದು ವಿಷಯ ಸರಿಹೋಗಿರಲಿಲ್ಲ.

"ನಡುಭಾಗದಿಂದ ಒಂದು ಪೆಟ್ಟಿಗೆ ತೆಗೆದ್ರೆ ಆ ಜಾಗ ಖಾಲಿ ಬಿಡುದಿಲ್ಲ," ಎಂದ. "ನಾನಿದ್ದ ಜಾಗದಲ್ಲಿ ಎಂತ ಇಟ್ರು?"

ಶರ್ಮಿತಾ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. ತಿರುಗದೆಯೇ ಎಲ್ಲವನ್ನೂ ಹೇಳಿದಳು.

ಧನುಷ್ ಎದ್ದು ಹೊರಗೆ ಹೋಗಿ ಬಾಯಿ ಮುಕ್ಕಳಿಸಿದ, ಇನ್ನೊಮ್ಮೆ ಮುಕ್ಕಳಿಸಿದ. ಒಳಗೆ ಬಂದು, "ಅವರಿಗೆ ಹೇಳಿದ್ಯಾ?" ಎಂದು ಕೇಳಿದ.

"ಹೇಗೆ ಹೇಳ್ಲಿ?"

"ಅವರು ನನಗೆ ಸಿಹಿ ತಿನ್ನಿಸಿ ಹೋದ್ರು. ನೀನು ಹೇಳದಿದ್ರೆ ನಾನು ಹೇಳ್ತೇನೆ."

"ಹೇಳಿ ಎಂತ ಆಗ್ತದೆ? ಅವನು ಬರ್ತಾನಾ?"

"ನನ್ನನ್ನು ಕೇಳಿ ಇಳಿಸಿದ್ದಾ ನೀನು?" ಎಂದ ಧನುಷ್. ಅವನ ದನಿ ಏರಿರಲಿಲ್ಲ. "ನಿನಗೆ ಬೇಕಿತ್ತು, ಇಳಿಸಿದೆ. ನಾನು ಬೇಡ ಅಂತಿರ್ಲಿಲ್ಲ ಶರ್ಮಿ, ಅದೂ ನಿಜ. ಅಷ್ಟಾದ್ರೂ ಅವರಿಗೆ ಗೊತ್ತಾಗ್ಲಿ."

ಮರುದಿನ ಮಧ್ಯಾಹ್ನ ಇಬ್ಬರೂ ಜುಬೈದಾಳ ಮನೆಗೆ ಹೋದರು. ಅವಳು ಹಂಚಿನ ಮೇಲೆ ಪತ್ತಿರಿ ಬೇಯಿಸುತ್ತಿದ್ದಳು. ಶರ್ಮಿತಾ ನಿಂತುಕೊಂಡೇ ಹೇಳಿದಳು. ಹಂಚಿನ ಮೇಲಿದ್ದದ್ದು ಸೀದು ಹೋಯಿತು. ಜುಬೈದಾ ಅದನ್ನು ತೆಗೆದು ಪಕ್ಕಕ್ಕಿಟ್ಟು ಒಲೆ ಆರಿಸಿದಳು.

"ಅವನು ಒಳಗಿದ್ದಾನೆ ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ನಾನು ಹೊರಗೆ ಕೂತಿದ್ದೆ."

"ಹೌದು."

ಜುಬೈದಾ ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಶರ್ಮಿತಾ ಕಾದಳು. ಹೊಡೆದರೆ ಒಳ್ಳೆಯದಿತ್ತು.

"ಎಂತ ಒತ್ತುದು?" ಎಂದು ಜುಬೈದಾ ಕೇಳಿದಳು. "ಮೊದಲಿಂದ ಹೇಳು. ತೂಕ ಒಂದೇ ಇರ್ಬೇಕು ಅಂದೆ. ಮತ್ತೆ?"

ಶರ್ಮಿತಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. ಹಡಗು ಇಲ್ಲಿಗೇ ಬರಬೇಕು. ಯಾರ್ಡಿನಲ್ಲಿ ಅಷ್ಟೇ ತೂಕದ ಇನ್ನೊಂದು ಪೆಟ್ಟಿಗೆ ಇರಬೇಕು. ತಾನು ಪಾಳಿಯಲ್ಲಿರಬೇಕು. ಜುಬೈದಾ ಒಂದೊಂದಕ್ಕೂ ತಲೆಯಾಡಿಸಿ ಮನಸ್ಸಿನಲ್ಲಿಟ್ಟುಕೊಂಡಳು.

"ಹಾಗಾದ್ರೆ ದಾರಿ ಉಂಟು. ನನಗೂ ಹಾಗೆ ಮಾಡಿಕೊಡು."

"ಜುಬೈದಕ್ಕಾ," ಎಂದ ಧನುಷ್. "ಆ ಪೆಟ್ಟಿಗೆಯಲ್ಲೂ ಯಾರದ್ದೋ ಮಗ ಇರ್ತಾನೆ."

"ಇರ್ತಾನೆ," ಎಂದಳು ಜುಬೈದಾ. "ಯಾರದ್ದು ಅಂತ ನನಗೆ ಹೇಳ್ಬೇಡಿ, ಆಯ್ತಾ?"

*

ಎಲ್ಡಾ ಮರಳಿ ಬರಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಧನುಷ್‌ಗೆ ಎಬ್ಬಿಸುವ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಕಣ್ಣು ಬಿಟ್ಟವರಿಗೆ ನೀರು ಕುಡಿಸಿ, ಇದು ಯಾವ ವರ್ಷ ಎಂದು ತಿಳಿಸುವ ಕೆಲಸ. ಅವನು ಅದನ್ನು ಚೆನ್ನಾಗಿ ಮಾಡುತ್ತಾನೆಂದು ಹೆಸರಾಗಿತ್ತು. ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ.

ಹಡಗು ಬಂದ ದಿನ ಶರ್ಮಿತಾ ಬೆಳಿಗ್ಗೆಯೇ ಪರದೆಯ ಮುಂದೆ ಕೂತಳು. ಅಶ್ರಫ್‌ನ ಪೆಟ್ಟಿಗೆಯನ್ನು ಇಳಿಸುವ ಕೋರಿಕೆ ಹಾಕಲು ಹೊರಟರೆ ಅದಾಗಲೇ ಪಟ್ಟಿಯಲ್ಲಿತ್ತು. ಯೋಜಕ ಕಲಿತಿತ್ತು. ಮನೆಯವರು ಕೇಳುವ ಸಾಧ್ಯತೆ ಇರುವ ಪೆಟ್ಟಿಗೆಯನ್ನು ಇಳಿಸಿ, ಅದರ ಜಾಗಕ್ಕೆ ಹೊಸದಾಗಿ ಬಂದದ್ದನ್ನು ಏರಿಸಿದರೆ ದೂರುಗಳು ಕಡಿಮೆಯಾಗುತ್ತವೆ ಎಂದು ಲೆಕ್ಕ ಹಾಕಿತ್ತು. ಬದಲಿಯನ್ನು ಅದೇ ಆರಿಸಿತ್ತು. ಹಿಂದಿನ ವಾರ ಬಂದಿಳಿದ, ಮರುದಿನ ಏಳಬೇಕಿದ್ದ ಒಂದು ಪೆಟ್ಟಿಗೆ. ಈ ಸಲ ಪ್ರಶ್ನೆಯಿರಲಿಲ್ಲ, ಹೌದು ಎಂಬ ಗುಂಡಿಯೂ ಇರಲಿಲ್ಲ. ಆಗಿದೆ ಎಂದಷ್ಟೇ ಬರೆದಿತ್ತು. ಬೇರೆ ಬಂದರುಗಳಲ್ಲೂ ಹೀಗೇ ನಡೆಯುತ್ತಿದೆ ಎಂದು ರೆನಿಟಾ ಹೇಳಿದಳು.

ಮರುದಿನ ಸಂಜೆ ಎಬ್ಬಿಸುವ ಕೋಣೆಯ ಬಾಗಿಲು ತೆರೆಯಿತು. ಜುಬೈದಾ ಮಗನನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು. ಚಪ್ಪರದಲ್ಲಿ ಜನ ತುಂಬಿದ್ದರು. ಹಿಂದಿನ ವಾರ ಬಂದಿಳಿದ ಪೆಟ್ಟಿಗೆಯನ್ನೇ ಇವತ್ತು ತೆರೆಯುತ್ತಾರೆಂದು ನಂಬಿ ಬಂದವರು. ಅವರು ಎದ್ದು ದಾರಿ ಬಿಟ್ಟರು, ಯಾರೋ ಅಶ್ರಫ್‌ನ ಬೆನ್ನು ತಟ್ಟಿದರು. ಜುಬೈದಾ ತಲೆ ತಗ್ಗಿಸಿ, ಯಾರ ಮುಖವನ್ನೂ ನೋಡದೆ ಗೇಟು ದಾಟಿದಳು. ಅಲ್ಲಿ ನಿಂತಿದ್ದ ಶರ್ಮಿತಾಳನ್ನೂ ನೋಡಲಿಲ್ಲ.

ಅಂಕೋಲೆಯ ಕಡೆಯಿಂದ ಬಂದಿದ್ದ ಒಬ್ಬ ಮುದುಕ, ಕೈಯಲ್ಲಿ ಬುತ್ತಿ ಹಿಡಿದುಕೊಂಡು, ಶರ್ಮಿತಾಳ ಕೊರಳಿನ ಗುರುತುಚೀಟಿ ನೋಡಿ ಹತ್ತಿರ ಬಂದ.

"ಈಗ ಹೊರಗೆ ಬಂದದ್ದು ಇವತ್ತಿನವರೇ ಅಲ್ವಾ ಮೇಡಂ? ನಮ್ಮ ಹುಡುಗಿ ಅದರಲ್ಲೇ ಇದ್ದಾಳೆ. ಇನ್ನೆಷ್ಟು ಹೊತ್ತು?"

ಕಡಲಿನಲ್ಲಿ ಎಲ್ಡಾದ ಗುರುತೂ ಉಳಿದಿರಲಿಲ್ಲ.

"ಕೂತ್ಕೊಳ್ಳಿ," ಎಂದಳು ಶರ್ಮಿತಾ. "ಅಲ್ಲಿ ಮುಂದೆ ಜಾಗ ಉಂಟು, ಅಲ್ಲಿ ಕೂತ್ರೆ ಬಾಗಿಲು ಕಾಣ್ತದೆ."

ಮುದುಕ ಅವಳಿಗೆ ಕೈಮುಗಿದು, ಅವಳು ತೋರಿಸಿದ ಜಾಗದಲ್ಲಿ ಹೋಗಿ ಕೂತ.